ಹೊಸ ನ್ಯಾರೋ ಬಾಡಿ ವಿಮಾನ ಬರೋದಕ್ಕೆ ಯಾಕೆ ಇಷ್ಟು ತಡ?

ಮೋಡದಾಚೆ (ಪ್ರಶ್ನೆ)

ಬೋಯಿಂಗ್ 737 ಮೊದಲ ಸಲ ಹಾರಿದ್ದು 1967ರ ಏಪ್ರಿಲ್‌ನಲ್ಲಿ. ಏರ್‌ಬಸ್ ಎ320 ಹಾರಿದ್ದು 1987ರ ಫೆಬ್ರವರಿಯಲ್ಲಿ. ಇವತ್ತಿಗೂ ಮಧ್ಯೆ ಒಂದೇ ದಾರಿ, ಆ ಕಡೆ ಮೂರು ಈ ಕಡೆ ಮೂರು ಸೀಟು ಇರುವ ನ್ಯಾರೋ ಬಾಡಿ ವಿಮಾನ ಅಂದರೆ ಬಹುಪಾಲು ಕಡೆ ಈ ಎರಡೇ. ನಡುವೆ ಎಂಜಿನ್ ಬದಲಾಯಿತು, ರೆಕ್ಕೆಯ ತುದಿ ಬದಲಾಯಿತು, ಹೆಸರಿಗೆ ನಿಯೋ ಅಂತಲೋ ಮ್ಯಾಕ್ಸ್ ಅಂತಲೋ ಸೇರಿತು. ಒಡಲು ಮಾತ್ರ ಅದೇ. 737ರ ಒಡಲಿನ ಅಗಲವಂತೂ 1950ರ ದಶಕದ 707ರಿಂದಲೇ ಬಂದದ್ದು, 3.76 ಮೀಟರ್.

737 ಯೋಜನೆಗೆ ಬೋಯಿಂಗ್ ಒಪ್ಪಿಗೆ ಕೊಟ್ಟಿದ್ದು 1965ರಲ್ಲಿ. ಎರಡೇ ವರ್ಷಕ್ಕೆ ಹಾರಿಸಿದರು, ಮೂರನೇ ವರ್ಷಕ್ಕೆ ಪ್ರಯಾಣಿಕರು ಕೂತರು. ಆಗ ಕಾಗದದ ಮೇಲೆ ಪೆನ್ಸಿಲ್ ಹಿಡಿದು ಡ್ರಾಯಿಂಗ್ ಮಾಡುತ್ತಿದ್ದ ಕಾಲ. ಈಗ ನೋಡಿ, ಚೀನಾದ ಕೊಮ್ಯಾಕ್ ಕಂಪನಿ ಹುಟ್ಟಿದ್ದು 2008ರಲ್ಲಿ, ಅದರ ಸಿ919 ಹಾರಿದ್ದು 2017ರ ಮೇ ತಿಂಗಳಲ್ಲಿ, ಪ್ರಯಾಣಿಕರನ್ನು ಹೊತ್ತಿದ್ದು 2023ರ ಮೇ ತಿಂಗಳಲ್ಲಿ. ಅದೇ 2017ರ ಮೇ ತಿಂಗಳಲ್ಲೇ ಹಾರಿದ ರಷ್ಯಾದ ಎಂಸಿ-21 ಇನ್ನೂ ಕಷ್ಟಪಡುತ್ತಿದೆ. ಕಂಪ್ಯೂಟರ್, ಹೊಸ ಲೋಹ, ಕಾರ್ಬನ್ ಫೈಬರ್ ಎಲ್ಲ ಕೈಗೆ ಬಂದ ಮೇಲೆ ಕೆಲಸ ಬೇಗ ಆಗಬೇಕಿತ್ತಲ್ವಾ? ಉಲ್ಟಾ ಯಾಕೆ ಆಗ್ತಿದೆ?

ಎರಡು ದೊಡ್ಡ ಕಂಪನಿಗಳಿಗೆ ಸುಮ್ನೆ ಸೋಮಾರಿತನ ಅಂತ ಬರೆಯುವವರು ತುಂಬಾ ಜನ ಇದ್ದಾರೆ. ನನಗೆ ಅದು ಸಾಕಾಗೋ ಉತ್ತರ ಅನ್ನಿಸುತ್ತಿಲ್ಲ. ವಿಷಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಫ್ಯಾನ್‌ಬ್ಲೇಡ್

ಸೋಮಾರಿತನ ಅಲ್ಲ. ಈ ಪ್ರಶ್ನೆಯನ್ನು ಎಂಜಿನ್ ಕಡೆಯಿಂದ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏರ್‌ಲೈನ್‌ನವರು ಹೊಸ ವಿಮಾನ ಕೊಳ್ಳೋದು ಇಂಧನ ಉಳಿಯಲಿ ಅಂತ. ಏರ್‌ಬಸ್ 2010ರ ಡಿಸೆಂಬರ್‌ನಲ್ಲಿ ನಿಯೋ ಘೋಷಿಸಿದಾಗ ಹಳೇ ಎ320ಗಿಂತ ಸುಮಾರು 15% ಇಂಧನ ಕಡಿಮೆ ಸಾಕು ಅಂದಿತ್ತು. ಆ ಉಳಿತಾಯದ ಬಹುಭಾಗ ಹೊಸ ಎಂಜಿನ್ನಿನದು, ಉಳಿದದ್ದು ರೆಕ್ಕೆಯ ತುದಿಗೆ ಸೇರಿಸಿದ ಶಾರ್ಕ್‌ಲೆಟ್‌ಗಳದ್ದು. ಒಡಲು ಮುಟ್ಟದೇ ಇಷ್ಟು ಸಿಗುತ್ತದೆ ಅಂದಮೇಲೆ ಪೂರ್ತಿ ಹೊಸ ವಿಮಾನಕ್ಕೆ ಹಲವು ಪಟ್ಟು ದುಡ್ಡು ಸುರಿಯಿರಿ ಅಂತ ಯಾವ ಬೋರ್ಡಿನ ಮುಂದೆ ಹೋಗಿ ಹೇಳ್ತೀರಿ? ಹೊಸ ಒಡಲು, ಹೊಸ ರೆಕ್ಕೆ ಮಾಡಿ ಅದೇ ಎಂಜಿನ್ ತೂಗುಹಾಕಿದರೆ ಎದುರಾಳಿಗಿಂತ ಜಾಸ್ತಿ ಮುಂದೆ ಹೋಗೋಕೆ ಆಗಲ್ಲ. ಸಿ919 ಕಥೆ ಇದೇ. ಅದರಲ್ಲಿರುವ ಲೀಪ್-1ಸಿ ಎಂಜಿನ್ ಎ320ನಿಯೋದ ಲೀಪ್-1ಎ ಎಂಜಿನ್ನಿನ ಹತ್ತಿರದ ಸಂಬಂಧಿ. ಒಂದೇ ಕಂಪನಿಯದು, ಒಂದೇ ತಲೆಮಾರಿನದು. ಹಾಗಾಗಿ ಇಂಧನದ ಲೆಕ್ಕದಲ್ಲಿ ಸಿ919ಗೆ ದೊಡ್ಡ ಅನುಕೂಲ ಸಿಗುವ ದಾರಿಯೇ ಇಲ್ಲ.

ಹಾಗಾದರೆ ಹೊಸ ಎಂಜಿನ್ ಯಾಕೆ ಬೇಗ ಬರಲ್ಲ? ಎಂಜಿನ್ನಿನ ಒಳಗೆ ಉರಿಯುವ ಗಾಳಿಯ ಬಿಸಿ ಟರ್ಬೈನ್ ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ ಇರುತ್ತದೆ. ಬ್ಲೇಡ್ ಒಳಗೆ ಸಣ್ಣ ಸಣ್ಣ ದಾರಿ ಕೊರೆದು ತಣ್ಣನೆ ಗಾಳಿ ಹರಿಸಿ, ಮೇಲೆ ಸೆರಾಮಿಕ್ ಲೇಪನ ಕೊಟ್ಟು ಅದನ್ನು ಬದುಕಿಸಿಕೊಳ್ಳುತ್ತಾರೆ. ಸ್ವಲ್ಪ ಇಂಧನ ಉಳಿಸೋಕೆ ಬಿಸಿ ಇನ್ನಷ್ಟು ಏರಿಸಿದರೆ ಬಾಳಿಕೆ ಕಡಿಮೆ ಆಗುತ್ತದೆ. ಪ್ರ್ಯಾಟ್ ಅಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ನೋಡಿ, ಫ್ಯಾನ್ ನಿಧಾನವಾಗಿ, ಅದನ್ನು ತಿರುಗಿಸುವ ಟರ್ಬೈನ್ ವೇಗವಾಗಿ ತಿರುಗಲಿ ಅಂತ ನಡುವೆ ಒಂದು ಗೇರ್‌ಬಾಕ್ಸ್ ಇಟ್ಟ ಎಂಜಿನ್ ಅದು, ಐಡಿಯಾ ನಿಜಕ್ಕೂ ಸೊಗಸಾದದ್ದು, ಎಲ್ಲರೂ ಹೆದರಿದ್ದ ಆ ಗೇರ್‌ಬಾಕ್ಸ್ ಚೆನ್ನಾಗೇ ಕೆಲಸ ಮಾಡಿತು. ಆದರೆ 2023ರಲ್ಲಿ ಹೊರಬಂದ ತೊಂದರೆ ಬೇರೆ ಕಡೆಯದು. ಟರ್ಬೈನ್ ಡಿಸ್ಕ್ ಮಾಡುವ ಲೋಹದ ಪುಡಿಯಲ್ಲಿ ಕಲ್ಮಶ ಸೇರಿಕೊಂಡಿತ್ತು. ಡಿಸ್ಕ್ ಬಿರುಕು ಬಿಡುವ ಅಪಾಯ ಇದ್ದಿದ್ದರಿಂದ ಎಂಜಿನ್‌ಗಳನ್ನು ಬಿಚ್ಚಿ ತಪಾಸಣೆ ಮಾಡಬೇಕಾಯಿತು, ನೂರಾರು ವಿಮಾನಗಳು ನೆಲದ ಮೇಲೇ ನಿಂತವು. ಎಷ್ಟೇ ಒಳ್ಳೆ ಕಂಪ್ಯೂಟರ್ ಇದ್ದರೂ ಇಂಥದ್ದು ಡ್ರಾಯಿಂಗ್‌ನಲ್ಲಿ ಕಾಣಲ್ಲ. ಸಾವಿರಾರು ಗಂಟೆ ಓಡಿದ ಮೇಲೆ ಕಾಣುತ್ತದೆ.

ರಿವೆಟ್‌ಲೈನ್

ಎಂಜಿನ್ ವಿಷಯ ಒಪ್ಪಿದೆ. ಆದರೆ ವರ್ಷಗಳು ಕರಗೋದು ಹಾರಿದ ಮೇಲೆ. ಮೊದಲ ಹಾರಾಟ ಅಂದರೆ ಪತ್ರಿಕೆಯಲ್ಲಿ ಫೋಟೋ ಬರುವ ದಿನ, ಅಷ್ಟೇ. ವಿಮಾನ ಹಾರುತ್ತದೆ ಅಂತ ಎಂಜಿನಿಯರ್‌ಗಳಿಗೆ ಮೊದಲೇ ಗೊತ್ತಿರುತ್ತದೆ. ಕೆಟ್ಟ ದಿನದಲ್ಲೂ ಅದು ಜನರನ್ನು ಕೊಲ್ಲಲ್ಲ ಅಂತ ಸಾಬೀತು ಮಾಡೋದು ಇನ್ನೊಂದು ಕೆಲಸ, ಮತ್ತು ನನ್ನ ಪ್ರಕಾರ ಅದೇ ದೊಡ್ಡ ಕೆಲಸ.

ಒಂದು ಪೂರ್ತಿ ವಿಮಾನವನ್ನು ಹಾರಿಸದೇ ಶೆಡ್ಡಿನಲ್ಲಿ ಕಟ್ಟಿಹಾಕಿ ಜ್ಯಾಕ್‌ಗಳಿಂದ ರೆಕ್ಕೆಯನ್ನು ಮೇಲಕ್ಕೆ ಬಗ್ಗಿಸುತ್ತಾರೆ. ಜೀವಮಾನದಲ್ಲಿ ಎದುರಾಗಬಹುದಾದ ಅತಿ ಹೆಚ್ಚು ಭಾರ ಎಷ್ಟೋ ಅದರ ಒಂದೂವರೆ ಪಟ್ಟು ಹಾಕಿ 3 ಸೆಕೆಂಡ್ ಮುರಿಯದೇ ನಿಲ್ಲಬೇಕು. ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಬೇಕಂತಲೇ ಒಂದು ಫ್ಯಾನ್ ಬ್ಲೇಡ್ ಕತ್ತರಿಸುತ್ತಾರೆ, ಚೂರು ಹೊರಗೆ ಬರಬಾರದು. ಅರ್ಧದಷ್ಟು ಬಾಗಿಲುಗಳನ್ನು ಮುಚ್ಚಿ, ಕತ್ತಲಲ್ಲಿ, 90 ಸೆಕೆಂಡಿನ ಒಳಗೆ ಎಲ್ಲರೂ ಇಳಿಯಬೇಕು. ಇದರ ಜೊತೆಗೆ ಹಿಮ ಕಟ್ಟಿದಾಗ ಹಾರಾಟ, ಅಡ್ಡಗಾಳಿ, ಪೂರ್ತಿ ಭಾರ ಹೊತ್ತು ಸವೆದ ಬ್ರೇಕಿನಲ್ಲಿ ಟೇಕಾಫ್ ರದ್ದು ಮಾಡೋದು. ಸಾಫ್ಟ್‌ವೇರಿನ ಕಾಗದಪತ್ರ ಬೇರೆ.

ನ್ಯಾರೋ ಬಾಡಿಗೆ ಇನ್ನೊಂದು ಕಷ್ಟ ಇದೆ, ಅದನ್ನು ಜನ ಗಮನಿಸೋದೇ ಕಡಿಮೆ. ದೊಡ್ಡ ವಿಮಾನ ದಿನಕ್ಕೆ ಒಂದೋ ಎರಡೋ ಸಲ ಹಾರುತ್ತದೆ. ಇದು ದಿನಕ್ಕೆ ಐದಾರು ಸಲ ಏರಿ ಇಳಿಯುತ್ತದೆ. ಪ್ರತಿ ಸಲ ಏರಿದಾಗಲೂ ಒಳಗಿನ ಒತ್ತಡಕ್ಕೆ ಒಡಲು ಸ್ವಲ್ಪ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷ ಇದೇ ನಡೆದರೆ ಲೋಹ ದಣಿಯುತ್ತದೆ. 1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 737 ಒಂದರ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಆ ವಿಮಾನ ಅಷ್ಟರಲ್ಲಿ ಸುಮಾರು 90 ಸಾವಿರ ಸಲ ಏರಿ ಇಳಿದಿತ್ತು. ಒಬ್ಬ ಗಗನಸಖಿ ಸತ್ತರು, ಉಳಿದವರನ್ನು ಪೈಲಟ್‌ಗಳು ಹೇಗೋ ಇಳಿಸಿದರು. ಅದಾದ ಮೇಲೆ ಈ ದಣಿವಿನ ಪರೀಕ್ಷೆಯ ನಿಯಮ ಬಿಗಿಯಾಯಿತು. ಈಗ ಹೊಸ ಮಾದರಿಯ ಒಡಲನ್ನು ನೆಲದ ಮೇಲೆ ಇಟ್ಟು ಗಾಳಿ ತುಂಬಿಸಿ ಬಿಟ್ಟು, ತುಂಬಿಸಿ ಬಿಟ್ಟು, ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾರೆ. 1965ರಲ್ಲಿ ಇಷ್ಟೆಲ್ಲ ಇರಲಿಲ್ಲ. ನಿಮ್ಮ ಎರಡು ವರ್ಷದ ಲೆಕ್ಕಕ್ಕೆ ಉತ್ತರದ ಒಂದು ಭಾಗ ಇದು. ತಡ ಆಗೋದು ನನಗಂತೂ ಬೇಜಾರಿನ ವಿಷಯ ಅಲ್ಲ, ಆ ತಡದಲ್ಲಿ ಜೀವ ಉಳಿದಿವೆ.

ಪರೀಕ್ಷೆಯಲ್ಲೇ ಯೋಜನೆ ಮುಳುಗಿದ್ದೂ ಉಂಟು. ಮಿತ್ಸುಬಿಷಿಯ ಸ್ಪೇಸ್‌ಜೆಟ್ 2015ರಲ್ಲಿ ಹಾರಿತು. ಇನ್ನೂ ಚಿಕ್ಕದು ಅದು, ಸಾಲಿಗೆ ನಾಲ್ಕೇ ಸೀಟು. ಪ್ರಮಾಣಪತ್ರದ ನಿಯಮಕ್ಕೆ ಹೊಂದಬೇಕು ಅಂತ ಒಳಗಿನ ವೈರಿಂಗ್ ಮತ್ತು ಎಲೆಕ್ಟ್ರಾನಿಕ್ಸ್ ಇಡುವ ಜಾಗವನ್ನೇ ಮತ್ತೆ ವಿನ್ಯಾಸ ಮಾಡಬೇಕಾಯಿತು. 2023ರಲ್ಲಿ ಯೋಜನೆ ಮುಚ್ಚಿದರು. ಅಷ್ಟು ದೊಡ್ಡ ಕಂಪನಿ, ಬೇರೆಯವರ ವಿಮಾನಕ್ಕೆ ರೆಕ್ಕೆ ಮಾಡಿಕೊಡುವ ಕಂಪನಿ, ಅದಕ್ಕೇ ಆಗಲಿಲ್ಲ.

ಗಾಳಿಪಟ_ನೋಟ

ನೀವಿಬ್ಬರೂ ಹೇಳಿದ್ದು ಸರಿ, ಆದರೆ ಓದಿದರೆ ಹಳೆಯದನ್ನೇ ತಿದ್ದೋದು ಜಾಣತನ ಅನ್ನೋ ಹಾಗೆ ಕೇಳಿಸುತ್ತದೆ. ಅದಕ್ಕೆ ನಾನು ಒಪ್ಪಲ್ಲ.

737 ಹುಟ್ಟಿದಾಗ ಅದಕ್ಕೆ ಇದ್ದದ್ದು ಸಣಕಲು ಎಂಜಿನ್. ಸಣ್ಣ ಏರ್‌ಪೋರ್ಟುಗಳಲ್ಲಿ ವಿಮಾನದಲ್ಲೇ ಇರುವ ಮೆಟ್ಟಿಲಿಂದ ಇಳಿಯೋಕೆ, ಸಾಮಾನು ಕೈಯಲ್ಲೇ ಹಾಕೋಕೆ ಅನುಕೂಲ ಆಗಲಿ ಅಂತ ವಿಮಾನವನ್ನು ನೆಲಕ್ಕೆ ಹತ್ತಿರ ಇಟ್ಟಿದ್ದರು. ಆ ಕಾಲಕ್ಕೆ ಒಳ್ಳೆ ನಿರ್ಧಾರ. ಆಮೇಲೆ ಎಂಜಿನ್ ದಪ್ಪ ಆಗ್ತಾ ಹೋಯಿತು, ಯಾಕೆಂದರೆ ಫ್ಯಾನ್ ಅಗಲ ಆದಷ್ಟೂ ಇಂಧನ ಉಳಿತಾಯ. 1980ರ ದಶಕದಲ್ಲಿ 737-300ರ ಎಂಜಿನ್ ಕವಚದ ಅಡಿಯನ್ನು ಚಪ್ಪಟೆ ಮಾಡಿ ತೂರಿಸಿದರು. ಮ್ಯಾಕ್ಸ್ ಹೊತ್ತಿಗೆ ಜಾಗವೇ ಉಳಿದಿರಲಿಲ್ಲ. ಎ320ನಿಯೋದ ಲೀಪ್ ಎಂಜಿನ್ನಿನ ಫ್ಯಾನ್ ಸುಮಾರು 1.98 ಮೀಟರ್ ಅಗಲ, ಮ್ಯಾಕ್ಸ್‌ನದು 1.76 ಮೀಟರ್. ಅಷ್ಟು ಚಿಕ್ಕದು ಮಾಡಿದರೂ ಎಂಜಿನ್ನನ್ನು ಮುಂದಕ್ಕೆ, ಮೇಲಕ್ಕೆ ತಳ್ಳಬೇಕಾಯಿತು, ಮೂತಿಯ ಚಕ್ರದ ಕಾಲನ್ನು ಉದ್ದ ಮಾಡಬೇಕಾಯಿತು.

ಎಂಜಿನ್ ಮುಂದೆ ಹೋಗಿದ್ದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೇಳುವ ಸ್ವಭಾವ ಬಂತು. ಅದನ್ನು ಸರಿಮಾಡೋಕೆ ಎಂಕ್ಯಾಸ್ ಅನ್ನೋ ಸಾಫ್ಟ್‌ವೇರ್ ಹಾಕಿದರು. ಅದು ನಂಬಿದ್ದು ಒಂದೇ ಒಂದು ಸೆನ್ಸರ್. ಸೆನ್ಸರ್ ತಪ್ಪು ಹೇಳಿದರೆ ಸಾಫ್ಟ್‌ವೇರ್ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತುತ್ತಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ, ಹಳೇ 737 ಓಡಿಸಿದವರಿಗೆ ಸಿಮ್ಯುಲೇಟರ್ ತರಬೇತಿ ಬೇಡ ಅಂತ ಮಾರಬೇಕಿತ್ತಲ್ಲ. 2018ರ ಅಕ್ಟೋಬರ್‌ನಲ್ಲಿ ಲಯನ್ ಏರ್‌ನ ಮ್ಯಾಕ್ಸ್ ಬಿತ್ತು, 2019ರ ಮಾರ್ಚ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನದು. ಒಟ್ಟು 346 ಜನ ಸತ್ತರು. ಹೊಸ ವಿಮಾನಕ್ಕೆ ಆಗುವ ಖರ್ಚು ಉಳಿಸಿದೆವು ಅನ್ನುವ ಲೆಕ್ಕದಲ್ಲಿ ಆ ಜನರನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು? ಹಳೇ ಮನೆಯ ಪಾಯ ನೋಡದೇ ಮಹಡಿ ಮೇಲೆ ಮಹಡಿ ಕಟ್ಟಿದ ಹಾಗೆ ಆಯಿತು.

ನಿಯಮವೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ಮ್ಯಾಕ್ಸ್‌ಗೆ ಬೇರೆ ಟೈಪ್ ಸರ್ಟಿಫಿಕೇಟ್ (ಒಂದು ಮಾದರಿಯ ವಿಮಾನಕ್ಕೆ ಸರ್ಕಾರ ಕೊಡುವ ಒಪ್ಪಿಗೆ) ಇಲ್ಲ, 1967ರ ಮೂಲ ಸರ್ಟಿಫಿಕೇಟಿಗೇ ತಿದ್ದುಪಡಿ ಮಾಡಿ ಸೇರಿಸಿದ್ದು. ಹೊಸ ವಿನ್ಯಾಸ ಮಾಡುವವರು ಇವತ್ತಿನ ಪ್ರತಿ ನಿಯಮಕ್ಕೂ ತಲೆ ಕೊಡಬೇಕು. ಹಳೆಯದನ್ನು ಎಳೆಯುವವರಿಗೆ ಬದಲಾಗದ ಭಾಗಗಳಲ್ಲಿ ವಿನಾಯಿತಿ. ಅಂದಮೇಲೆ ಹೊಸದಕ್ಕೆ ಯಾರು ಕೈಹಾಕುತ್ತಾರೆ?

ಫ್ಯಾನ್‌ಬ್ಲೇಡ್

@ಗಾಳಿಪಟ_ನೋಟ, 737 ಬಗ್ಗೆ ನಿಮ್ಮ ಮಾತಿಗೆ ಎದುರು ಮಾತಿಲ್ಲ. ಆದರೆ ಎಲ್ಲ ತಿದ್ದುಪಡಿಯೂ ಅದೇ ರೀತಿ ಅಲ್ಲ. ಎ320 ಎತ್ತರ ಕಾಲಿನ ವಿಮಾನ, ಶುರುವಿನಿಂದಲೇ ಫ್ಲೈ ಬೈ ವೈರ್, ಅಂದರೆ ಪೈಲಟ್‌ನ ಆಜ್ಞೆ ಕಂಪ್ಯೂಟರ್ ಮತ್ತು ವೈರಿನ ಮೂಲಕ ಹೋಗುತ್ತದೆ. ಅಲ್ಲಿ ದೊಡ್ಡ ಎಂಜಿನ್ ಹಾಕೋಕೆ ಜಾಗ ಇತ್ತು. ಹಳೆಯದನ್ನು ಎಷ್ಟು ದೂರ ಎಳೆಯಬಹುದು ಅನ್ನೋದು ಮೊದಲ ದಿನ ಎಷ್ಟು ಜಾಗ ಬಿಟ್ಟಿದ್ದರು ಅನ್ನೋದರ ಮೇಲೆ ನಿಂತಿದೆ.

ಮೋಡದಾಚೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಕೇಳ್ತೀನಿ. ಒಂದು, ಪೂರ್ತಿ ಹೊಸದಾಗಿ ಮಾಡಿ ಗೆದ್ದವರು ಯಾರೂ ಇಲ್ವಾ? ಎರಡು, ದೊಡ್ಡ ವಿಮಾನಗಳಾದ 787, ಎ350 ಎರಡೂ ಕಾರ್ಬನ್ ಫೈಬರ್ ಒಡಲಿನವು. ಅದನ್ನೇ ಚಿಕ್ಕದು ಮಾಡಿದರೆ ಆಗಲ್ವಾ?

ಹ್ಯಾಂಗರ್_ಸಂಜೆ

ಇಷ್ಟು ಹೊತ್ತು ಓದುತ್ತಿದ್ದೆ, ಈ ಎರಡು ಪ್ರಶ್ನೆಗೆ ನಾನು ಬರೀತೀನಿ.

ಮೊದಲನೆಯದು. ವಿಮಾನ ಗೆದ್ದಿತು, ಮಾಡಿದವರು ಸೋತರು. ಕೆನಡಾದ ಬೊಂಬಾರ್ಡಿಯರ್ 2008ರಲ್ಲಿ ಸಿಸೀರೀಸ್ ಶುರುಮಾಡಿತು. ಸಾಲಿಗೆ ಐದು ಸೀಟು, ಹೊಸ ಗೇರ್ಡ್ ಎಂಜಿನ್, ಕಾರ್ಬನ್ ಫೈಬರ್ ಕಾಂಪೋಸಿಟ್ ರೆಕ್ಕೆ, ಅಲ್ಯೂಮಿನಿಯಂ ಲಿಥಿಯಂ ಒಡಲು. ನನ್ನ ಪ್ರಕಾರ ಇತ್ತೀಚಿನ ದಶಕಗಳ ಅತ್ಯಂತ ಚೊಕ್ಕ ನ್ಯಾರೋ ಬಾಡಿ ಅದೇ. 2013ರಲ್ಲಿ ಹಾರಿತು, 2016ರಲ್ಲಿ ಸೇವೆಗೆ ಬಂತು. ಅಷ್ಟರಲ್ಲಿ ಖರ್ಚು 500 ಕೋಟಿ ಡಾಲರ್ ದಾಟಿತ್ತು, ಕ್ವಿಬೆಕ್ ಸರ್ಕಾರ 100 ಕೋಟಿ ಡಾಲರ್ ಹಾಕಿ ಕೈಹಿಡಿಯಬೇಕಾಯಿತು. ಅಮೆರಿಕದ ಡೆಲ್ಟಾ ಕಂಪನಿ 75 ವಿಮಾನಕ್ಕೆ ಆರ್ಡರ್ ಕೊಟ್ಟ ಮೇಲೆ ಬೋಯಿಂಗ್ ದೂರು ಕೊಟ್ಟಿತು, 2017ರಲ್ಲಿ ಅಮೆರಿಕ ಸುಮಾರು 300% ಸುಂಕ ಹಾಕೋಕೆ ಹೊರಟಿತು. ಮುಂದಿನ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗವೇ ಆ ಸುಂಕ ಬೇಡ ಅಂದಿತು ನಿಜ, ಆದರೆ ಬೊಂಬಾರ್ಡಿಯರ್ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಏರ್‌ಬಸ್‌ಗೆ ಆ ಯೋಜನೆಯ 50.01% ಪಾಲನ್ನು ನಗದು ತೆಗೆದುಕೊಳ್ಳದೆಯೇ ಬಿಟ್ಟುಕೊಟ್ಟಿತು. 2018ರಿಂದ ಅದರ ಹೆಸರು ಎ220. 2020ರಲ್ಲಿ ಬೊಂಬಾರ್ಡಿಯರ್ ಪೂರ್ತಿ ಹೊರಗೆ. ಇದು ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ. ಅಷ್ಟು ಒಳ್ಳೆ ಎಂಜಿನಿಯರಿಂಗ್ ಮಾಡಿದವರ ಹೆಸರು ವಿಮಾನದ ಮೇಲೆ ಉಳಿಯಲಿಲ್ಲ.

ಎರಡನೆಯದು ಚಿಕ್ಕದು ಮಾಡುವ ಪ್ರಶ್ನೆ. ಇಲ್ಲಿ ಅಡ್ಡ ಬರೋದು ತಯಾರಿಕೆಯ ವೇಗ. 787 ಅತಿ ಹೆಚ್ಚು ಅಂದರೆ ತಿಂಗಳಿಗೆ 14 ತಯಾರಾದವು. ಎ320 ಕುಟುಂಬಕ್ಕೆ ಏರ್‌ಬಸ್ ಇಟ್ಟುಕೊಂಡ ಗುರಿ ತಿಂಗಳಿಗೆ 75. ಅಂದರೆ ತಿಂಗಳಿಗೆ 150 ರೆಕ್ಕೆ, 150 ಎಂಜಿನ್. ಕಾರ್ಬನ್ ಫೈಬರ್ ರೆಕ್ಕೆಯನ್ನು ಹಳೇ ವಿಧಾನದಲ್ಲಿ ಮಾಡೋದಾದರೆ ಪದರ ಪದರವಾಗಿ ಹಾಸಿ, ಆಟೋಕ್ಲೇವ್ ಅನ್ನೋ ದೊಡ್ಡ ಒತ್ತಡದ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. 75 ವಿಮಾನಕ್ಕೆ ಎಷ್ಟು ಒಲೆ, ಎಷ್ಟು ಜಾಗ, ಎಷ್ಟು ಜನ ಬೇಕು ಯೋಚಿಸಿ. ಅದಕ್ಕೇ ಎಂಸಿ-21ರವರು ಉಲ್ಯಾನೊವ್‌ಸ್ಕ್‌ನಲ್ಲಿ ಆಟೋಕ್ಲೇವ್ ಇಲ್ಲದೇ, ಒಣ ಫೈಬರ್ ಹಾಸಿ ಅದರೊಳಗೆ ರಾಳ ಹೀರಿಸುವ ವಿಧಾನದಲ್ಲಿ ರೆಕ್ಕೆ ಮಾಡಿದರು. ಧೈರ್ಯದ ಕೆಲಸ ಅದು. ಆಮೇಲೆ ಅಮೆರಿಕದ ನಿರ್ಬಂಧದಿಂದ ಆ ಫೈಬರ್ ಮತ್ತು ರಾಳ ಸಿಗದೇ ದೇಶದೊಳಗೆ ಹುಡುಕಬೇಕಾಯಿತು. 2022ರ ನಂತರ ಪ್ರ್ಯಾಟ್ ಎಂಜಿನ್ ಕೂಡ ಇಲ್ಲ, ಪೆರ್ಮ್‌ನಲ್ಲಿ ತಯಾರಾಗುವ ಪಿಡಿ-14 ಒಂದೇ ಗತಿ. ಎಲ್ಲ ಬಿಡಿಭಾಗ ಬದಲಾದ ವಿಮಾನಕ್ಕೆ ಮತ್ತೆ ಪರೀಕ್ಷೆ.

ಇನ್ನು ಒಡಲು. ದೊಡ್ಡ ವಿಮಾನದಲ್ಲಿ ಕಾರ್ಬನ್ ಫೈಬರ್‌ನಿಂದ ತೂಕ ಚೆನ್ನಾಗಿ ಇಳಿಯುತ್ತದೆ. ಚಿಕ್ಕ ಒಡಲಿಗೆ ಬೇಕಾದ ಚರ್ಮ ತೆಳು. ಆದರೆ ಆಲಿಕಲ್ಲು ಬಿದ್ದರೆ, ಸಾಮಾನು ಗಾಡಿ ಬಂದು ಗುದ್ದಿದರೆ ತಡೆಯಬೇಕಲ್ಲ, ಅದಕ್ಕೆ ಒಂದು ಮಿತಿಗಿಂತ ತೆಳು ಮಾಡುವ ಹಾಗಿಲ್ಲ. ಉಳಿತಾಯ ಅಲ್ಲೇ ಕಡಿಮೆ ಆಗುತ್ತದೆ. ಎ220, ಸಿ919, ಎಂಸಿ-21 ಮೂರೂ ಒಡಲಿಗೆ ಲೋಹವನ್ನೇ ನೆಚ್ಚಿಕೊಂಡಿದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ರಿವೆಟ್‌ಲೈನ್

ಸಿ919 ಬಗ್ಗೆ ಒಂದು ಮಾತು ಸೇರಿಸ್ತೀನಿ. ಅದಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿದ್ದು ಚೀನಾದ ಪ್ರಮಾಣಪತ್ರ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ತನ್ನದೇ ಪರಿಶೀಲನೆ ನಡೆಸುತ್ತಿದೆ, 2025ರಲ್ಲಿ ಅದರ ಮುಖ್ಯಸ್ಥರು ಇನ್ನೂ 3ರಿಂದ 6 ವರ್ಷ ಬೇಕಾಗಬಹುದು ಅಂದರು. ಎಂಜಿನ್ ಹೊರಗಿನದು. ಅದೇ ವರ್ಷ ಮೇ ಕೊನೆಯಲ್ಲಿ ಅಮೆರಿಕ ಎಂಜಿನ್ ರಫ್ತಿನ ಪರವಾನಗಿ ತಡೆಹಿಡಿದು ಜುಲೈನಲ್ಲಿ ಮತ್ತೆ ಬಿಟ್ಟಿತು. ಅಷ್ಟು ಸಾಕು, ಸ್ವಂತ ಎಂಜಿನ್ ಸಿಜೆ-1000ಎ ಅವರಿಗೆ ಯಾಕೆ ಅಷ್ಟು ಮುಖ್ಯ ಅಂತ ತಿಳಿಯೋಕೆ. ಆದರೂ ಪ್ರಯಾಣಿಕರನ್ನು ಹೊತ್ತು ದಿನಾ ಹಾರುವ ವಿಮಾನ ಮಾಡಿದ್ದಾರೆ, ಅದನ್ನು ಹಗುರವಾಗಿ ನೋಡಬೇಡಿ. ವಿಮಾನ ಮಾರಿದ ಮೇಲೆ ಬಿಡಿಭಾಗ, ಮೆಕ್ಯಾನಿಕ್, ಸಿಮ್ಯುಲೇಟರ್ ಎಲ್ಲ ಕೊಡುವ ಜಾಲ ಕಟ್ಟೋದು ಮುಂದಿನ ಕೆಲಸ. ನಡುರಾತ್ರಿ ಒಂದು ಪಂಪ್ ಕೆಟ್ಟರೆ ಬೆಳಿಗ್ಗೆ ಒಳಗೆ ಇನ್ನೊಂದು ಸಿಗದಿದ್ದರೆ ಏರ್‌ಲೈನ್‌ಗೆ ಆ ವಿಮಾನ ಬೇಡ, ಎಷ್ಟೇ ಅಗ್ಗ ಇದ್ದರೂ.

ಮೋಡದಾಚೆ

ಕೊನೆಯದು: ಹಾಗಾದರೆ ಮುಂದಿನ ನಿಜವಾದ ಹೊಸ ನ್ಯಾರೋ ಬಾಡಿ ಯಾವಾಗ, ಹೇಗಿರುತ್ತದೆ?

ಫ್ಯಾನ್‌ಬ್ಲೇಡ್

ಏರ್‌ಬಸ್ ಹೇಳ್ತಿರೋದು 2030ರ ಸುಮಾರಿಗೆ ಯೋಜನೆ ಶುರು, 2030ರ ದಶಕದ ಎರಡನೇ ಅರ್ಧದಲ್ಲಿ ಸೇವೆ. ಬೋಯಿಂಗ್ ಮೊದಲು ಮನೆ ಸರಿಮಾಡಿಕೊಳ್ಳಬೇಕು.

ನಾನು ಕಣ್ಣಿಟ್ಟಿರೋದು ಲೀಪ್ ಎಂಜಿನ್ ಮಾಡುವ ಸಿಎಫ್‌ಎಂ ಕಂಪನಿ 2021ರಲ್ಲಿ ಘೋಷಿಸಿದ ರೈಸ್ ಯೋಜನೆ ಮೇಲೆ. ಅದರಲ್ಲಿ ಫ್ಯಾನ್ ಸುತ್ತ ಕವಚವೇ ಇರಲ್ಲ, ಬ್ಲೇಡ್‌ಗಳು ಬಯಲಿನಲ್ಲೇ ತಿರುಗುತ್ತವೆ. ಕವಚದ ತೂಕ ಇಲ್ಲದ್ದರಿಂದ ಫ್ಯಾನ್ ತುಂಬಾ ಅಗಲ ಮಾಡಬಹುದು. ಈಗಿನ ಎಂಜಿನ್‌ಗಳಿಗಿಂತ 20% ಇಂಧನ ಕಡಿಮೆ ಮಾಡೋದು ಗುರಿ. ಐಡಿಯಾ ಹೊಸದಲ್ಲ, ಜನರಲ್ ಎಲೆಕ್ಟ್ರಿಕ್ 1980ರ ದಶಕದಲ್ಲೇ ಇಂಥ ಎಂಜಿನ್ನನ್ನು 727 ಮತ್ತು ಎಂಡಿ-80 ವಿಮಾನಗಳಲ್ಲಿ ಹಾರಿಸಿ ನೋಡಿತ್ತು. ತೈಲ ಅಗ್ಗವಾಯಿತು, ಶಬ್ದ ಜಾಸ್ತಿ ಇತ್ತು, ಅಲ್ಲಿಗೇ ನಿಂತಿತು. ಈಗಲೂ ಒಂದು ಬ್ಲೇಡ್ ಕಿತ್ತರೆ ಹಿಡಿಯೋಕೆ ಕವಚ ಇಲ್ಲ, ಒಡಲನ್ನೇ ಗಟ್ಟಿ ಮಾಡಬೇಕಾ ಅನ್ನೋ ಪ್ರಶ್ನೆ ಇದೆ. ಮುಖ್ಯ ವಿಷಯ ಏನೆಂದರೆ ಇಷ್ಟು ದೊಡ್ಡ ಫ್ಯಾನ್ 737ರ ಕೆಳಗೂ ಹಿಡಿಸಲ್ಲ, ಎ320 ಕೆಳಗೂ ಹಿಡಿಸಲ್ಲ. ರೆಕ್ಕೆ, ಲ್ಯಾಂಡಿಂಗ್ ಗೇರ್ ಎಲ್ಲ ಹೊಸದೇ ಆಗಬೇಕು. ಎಂಜಿನ್ನೇ ಹೊಸ ವಿಮಾನ ಕೇಳುವ ಸ್ಥಿತಿ ಬರುತ್ತದೆ.

ಹ್ಯಾಂಗರ್_ಸಂಜೆ

ರೆಕ್ಕೆಯಲ್ಲೂ ಬದಲಾವಣೆ ಬರುತ್ತದೆ. ಉದ್ದ, ತೆಳು ರೆಕ್ಕೆಗೆ ಗಾಳಿಯ ಎಳೆತ ಕಡಿಮೆ. ಆದರೆ ಈಗಿನ ನ್ಯಾರೋ ಬಾಡಿ ಗೇಟುಗಳಿಗೆ ರೆಕ್ಕೆಯ ತುದಿಯಿಂದ ತುದಿಗೆ 36 ಮೀಟರ್ ಒಳಗೆ ಇರಬೇಕು, ಎ320 ಈಗಾಗಲೇ 35.8 ಮೀಟರ್. ಅದಕ್ಕೆ 777ಎಕ್ಸ್‌ನಲ್ಲಿ ಇರುವ ಹಾಗೆ ತುದಿ ಮಡಚುವ ರೆಕ್ಕೆ ಬರಬಹುದು. ಗೇಟಿಗೆ ಬಂದಾಗ ಮಡಚಿ, ಟೇಕಾಫ್‌ಗೆ ಮೊದಲು ಬಿಡಿಸೋದು. ಕೀಲು ಅಂದರೆ ತೂಕ, ಆ ತೂಕ ಕಳೆದು ಎಷ್ಟು ಉಳಿಯುತ್ತದೆ ಅನ್ನೋದೇ ಲೆಕ್ಕ. ಏರ್‌ಬಸ್ ತನ್ನ ಎ380 ಪರೀಕ್ಷಾ ವಿಮಾನಕ್ಕೆ ಆ ಕವಚ ಇಲ್ಲದ ಎಂಜಿನ್ ಕಟ್ಟಿ ಹಾರಿಸುವ ಯೋಜನೆ ಇಟ್ಟುಕೊಂಡಿದೆ. ಆ ಹಾರಾಟದಲ್ಲಿ ಶಬ್ದ ಮತ್ತು ಇಂಧನದ ಅಂಕಿ ಹೇಗೆ ಬರುತ್ತದೆ ನೋಡಿ, ಹೊಸ ವಿಮಾನ ಯಾವ ಆಕಾರದ್ದು ಅಂತ ಆಗ ಮಾತಾಡೋಣ.